ನಿಂತ ಲಾರಿಯ ಹೊತ್ತು

ದೂರದೂರಿಗೆ ಸರಕು ಸಾಗಿಸುವ ಲಾರಿ ಚಾಲಕರ ಮನರಂಜನೆಯೆಂದರೆ ರಾತ್ರಿಯ ಹೆದ್ದಾರಿಯಲ್ಲಿ ಕ್ಯಾಬಿನ್ನಿನಿಂದ ಕೇಳಿಬರುವ ಹಾಡು ನೆನಪಾಗುವುದು ಸಹಜವಾದರೂ, ಅವರ ಹವ್ಯಾಸಗಳಿಗೆ ಆಕಾರ ಕೊಟ್ಟಿರುವುದು ಲಾರಿಯ ಓಟಕ್ಕಿಂತ ಹೆಚ್ಚಾಗಿ ಅದರ ನಿಲುಗಡೆ. ಬೆಂಗಳೂರಿನಿಂದ ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ, ಬೆಳಗಾವಿಗಳನ್ನು ಹಾದು ಪುಣೆ, ಮುಂಬೈಗಳತ್ತ ಸಾಗುವ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ದುಡಿಯುವ ಚಾಲಕನು ಕಾರ್ಖಾನೆಯ ಗೇಟಿನ ಮುಂದೆ ಸರದಿಗಾಗಿ, ಮಂಡಿಯಲ್ಲಿ ಹಮಾಲರಿಗಾಗಿ, ನಗರದ ಅಂಚಿನಲ್ಲಿ ಭಾರಿ ವಾಹನಗಳ ಪ್ರವೇಶಕ್ಕೆ ಅನುಮತಿಯಿರುವ ಹೊತ್ತಿಗಾಗಿ ಕಾಯುತ್ತಾನೆ. ಸರಕು ಇಳಿಸಿದ ಮೇಲೆ ‘ರಿಟರ್ನ್ ಲೋಡ್’, ಅಂದರೆ ಊರಿನ ಕಡೆಗೆ ಮರಳುವಾಗ ಹೇರಿಕೊಂಡು ಬರುವ ಬಾಡಿಗೆ ಸರಕು, ಸಿಗುವವರೆಗೆ ಮತ್ತೆ ಕಾಯುತ್ತಾನೆ. 2017ರಲ್ಲಿ ಜಿಎಸ್‌ಟಿ ಜಾರಿಯಾಗಿ ರಾಜ್ಯಗಳ ಗಡಿಯ ತೆರಿಗೆ ತಪಾಸಣಾ ಠಾಣೆಗಳು ತೆರವಾದವು, 2021ರಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಗಿ ಟೋಲ್ ಗೇಟಿನ ಸಾಲು ಕರಗಿತು; ಆದರೆ ಲೋಡು ತುಂಬುವ ಮತ್ತು ಇಳಿಸುವ ಜಾಗದ ಕಾಯುವಿಕೆಯನ್ನು ಈ ಎರಡೂ ಮುಟ್ಟಲಿಲ್ಲ.

ಕಾಯುವಿಕೆಯನ್ನು ಬಿಡುವು ಎಂದು ಕರೆಯುವುದು ತಪ್ಪಾಗುತ್ತದೆ. ಬಿಡುವು ಮನುಷ್ಯನ ಸ್ವಂತದ್ದು. ಕಾಯುವ ಹೊತ್ತು ಇನ್ನೊಬ್ಬರ ಕೈಯಲ್ಲಿರುವಂಥದ್ದು, ಯಾವ ಗಳಿಗೆಯಲ್ಲಿ ಬೇಕಾದರೂ ಮುಗಿಯುವಂಥದ್ದು. ಆದ್ದರಿಂದಲೇ ಲಾರಿಗಳ ನೆರಳಿನಲ್ಲಿ ನಡೆಯುವ ಆಟಗಳೆಲ್ಲ ಕೂಗು ಬಂದೊಡನೆ ಅರ್ಧಕ್ಕೆ ಬಿಟ್ಟು ಏಳಬಹುದಾದವು: ಹಳೆಯ ಟಾರ್ಪಾಲು ಹಾಸಿ ಆಡುವ ಇಸ್ಪೀಟು, ನೆಲದ ಮೇಲೆ ಮನೆಗಳನ್ನು ಗೀಚಿ ಆಡುವ ಚೌಕಾಬಾರ. ಚೌಕಾಬಾರದ ಬಳಗಕ್ಕೇ ಸೇರಿದ ಪಚ್ಚೀಸಿಯನ್ನು ಸರಳಗೊಳಿಸಿ 1896ರಲ್ಲಿ ಇಂಗ್ಲೆಂಡಿನಲ್ಲಿ ಲೂಡೋ ಎಂಬ ಹೆಸರಿನಿಂದ ಪೇಟೆಂಟ್ ಪಡೆಯಲಾಯಿತು. ಅದೇ ಆಟ 2016ರಲ್ಲಿ ‘ಲೂಡೋ ಕಿಂಗ್’ ಆಗಿ ಮೊಬೈಲಿನ ಮೂಲಕ ಚಾಲಕರ ಕೈಗೂ ಬಂದಿರುವುದು, ತವರಿನಿಂದ ಹೋದವಳು ಬೇರೆ ಸೀರೆಯುಟ್ಟು ಮರಳಿದಂತಿದೆ.

ಹವ್ಯಾಸವೆಂಬ ಮಾತಿಗೆ ನಿಜವಾಗಿ ಒಪ್ಪುವುದು ಅಡುಗೆ. ಲಾರಿಯ ಪಕ್ಕದ ಪೆಟ್ಟಿಗೆಯಲ್ಲಿ ಸ್ಟೌ, ಒಂದೆರಡು ಪಾತ್ರೆ, ಅಕ್ಕಿ, ಈರುಳ್ಳಿ, ಖಾರದ ಪುಡಿಗಳನ್ನು ಇಟ್ಟುಕೊಂಡು ಮರದ ಕೆಳಗೆ ಒಲೆ ಹೂಡುವ ರೂಢಿಯ ಹಿಂದೆ ಮೊದಲಿಗೆ ಇರುವುದು ಲೆಕ್ಕಾಚಾರ. ‘ಬತ್ತಾ’ ಎಂದು ಕರೆಯುವ ದಿನದ ಖರ್ಚಿನ ಹಣದಲ್ಲಿ ಡಾಬಾದ ಊಟವನ್ನು ತಪ್ಪಿಸಿದಷ್ಟೂ ಮನೆಗೆ ಉಳಿಯುತ್ತದೆ. ಆದರೆ ಗುಜರಾತಿನ ಯಾವುದೋ ಪೆಟ್ರೋಲ್ ಬಂಕಿನ ಹಿಂದೆ ನಿಂತು ಹಾಸನದ ಕಡೆಯವನೊಬ್ಬ ಹುಳಿಸಾರಿಗೆ ಒಗ್ಗರಣೆ ಹಾಕುವುದನ್ನು ಬರೀ ಉಳಿತಾಯವೆಂದು ವಿವರಿಸಿ ಮುಗಿಸಲಾಗದು. ವಾರಗಟ್ಟಲೆ ಪರಭಾಷೆಯ ನಡುವೆ ಕಳೆಯುವವನಿಗೆ ಆ ಸಾರು ಊರಿನ ರುಚಿಯೂ ಹೌದು, ತಾನೇ ತೀರ್ಮಾನಿಸಿ ಮಾಡಬಹುದಾದ ಏಕೈಕ ಕೆಲಸವೂ ಹೌದು. ಜಾರ್ಖಂಡದ ಲಾರಿ ಚಾಲಕ ರಾಜೇಶ್ ರವಾನಿ ಪ್ರಯಾಣದ ನಡುವೆ ಮಾಡುವ ಅಡುಗೆಯನ್ನೇ ಯೂಟ್ಯೂಬಿನಲ್ಲಿ ತೋರಿಸುತ್ತ ದೇಶದಾದ್ಯಂತ ಹೆಸರಾದದ್ದಕ್ಕೆ, ಈ ಕೆಲಸದಲ್ಲಿ ಮೊದಲಿನಿಂದಲೂ ನೋಡತಕ್ಕದ್ದು ಇತ್ತೆಂಬುದೇ ಕಾರಣವಿರಬೇಕು. ಮಳೆಗಾಲದಲ್ಲಿ ಮುಚ್ಚಿದ ಕ್ಯಾಬಿನ್ನಿನೊಳಗೇ ಗ್ಯಾಸ್ ಒಲೆ ಹಚ್ಚುವುದು ಮಾತ್ರ ಪ್ರಾಣಕ್ಕೆ ಎರವಾಗುವ ಅಭ್ಯಾಸ.

ಲಾರಿಯ ಹೊರಮೈಯ ಚಿತ್ರ, ಬರಹಗಳನ್ನು ಚಾಲಕನ ಹವ್ಯಾಸವೆಂದು ಎಣಿಸುವವರಿದ್ದಾರೆ. ಸಾಮಾನ್ಯವಾಗಿ ಅವು ಮಾಲೀಕನ ಇಷ್ಟ ಮತ್ತು ತಮಿಳುನಾಡಿನ ನಾಮಕ್ಕಲ್‌ನಂಥ ಬಾಡಿ ಕಟ್ಟುವ ಊರುಗಳ ಪೇಂಟರನ ಕೈಚಳಕ. ಚಾಲಕನದ್ದೆಂದು ಹೇಳಬಹುದಾದದ್ದು ಒಳಗಿನ ಅಲಂಕಾರ, ಅಂದರೆ ದೇವರ ಪಟ, ಪ್ಲಾಸ್ಟಿಕ್ ಹೂಮಾಲೆ, ಬಣ್ಣದ ಬಲ್ಬು, ಮಗುವಿನ ಫೋಟೋ.

ಇನ್ನು ಹಾಡು ಮನರಂಜನೆಗಿಂತ ಹೆಚ್ಚಾಗಿ ಕಸುಬಿನ ಸಲಕರಣೆ. ಕ್ಯಾಸೆಟ್ಟಿನ ಕಾಲದಿಂದ ಪೆನ್‌ಡ್ರೈವಿನವರೆಗೆ ಅದರ ಮುಖ್ಯ ಹೊಣೆ ನಿದ್ದೆಯನ್ನು ದೂರವಿಡುವುದೇ ಆಗಿದೆ, ಆದರೆ ಆ ಹೊಣೆಯನ್ನು ಅದು ಪೂರ್ತಿ ನಿರ್ವಹಿಸಲಾರದು. ನಸುಕಿನ ಎರಡರಿಂದ ಐದು ಗಂಟೆಯ ನಡುವೆ ದೇಹದ ಎಚ್ಚರ ಸಹಜವಾಗಿಯೇ ಕುಗ್ಗುತ್ತದೆ, ಮತ್ತು ಆ ತೂಕಡಿಕೆಗೆ ನಿದ್ದೆಯ ಹೊರತು ಬೇರೆ ಮದ್ದಿಲ್ಲ. ಹಿಂದೆ ಈ ಹೊತ್ತಿನಲ್ಲಿ ಚಾಲಕನನ್ನು ಮಾತಿಗೆಳೆಯುತ್ತಿದ್ದವನು ಕ್ಲೀನರ್, ಅಂದರೆ ಗಾಜು ಒರೆಸುವುದರಿಂದ ಹಿಡಿದು ಚಕ್ರ ಬದಲಿಸುವವರೆಗೆ ನೆರವಾಗುತ್ತ ಚಾಲನೆ ಕಲಿಯುತ್ತಿದ್ದ ಹುಡುಗ. ಖರ್ಚು ಉಳಿಸಲು ಅನೇಕ ಲಾರಿಗಳು ಕ್ಲೀನರನನ್ನು ಬಿಟ್ಟಿವೆ; ಅವನ ಜಾಗಕ್ಕೆ ಈಗ ಮೊಬೈಲ್ ಫೋನು ಬಂದು ಕೂತಿದೆ. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಮನೆಯವರ ಮುಖ ನೋಡುವುದು ಸಲೀಸಾಯಿತೆಂಬುದು ಸಣ್ಣ ಲಾಭವಲ್ಲ. ಆದರೂ ಡಾಬಾದ ಹಗ್ಗದ ಮಂಚದ ಮೇಲೆ ನಾಲ್ವರು ಕೂತು ಒಂದೇ ಟಿವಿ ನೋಡುತ್ತಿದ್ದಲ್ಲಿ ಈಗ ನಾಲ್ವರು ನಾಲ್ಕು ಪರದೆ ನೋಡುತ್ತಾರೆ, ಅದರಲ್ಲಿ ನಿದ್ದೆಯ ಪಾಲೂ ಸೋರಿಹೋಗುತ್ತದೆ.

ನಿದ್ದೆಗೆ ಹೊತ್ತು ಉಳಿಸಬೇಕಾದ ಕಾನೂನೂ ಎಲ್ಲ ಚಾಲಕರನ್ನು ತಲುಪಲಿಲ್ಲ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ದಿನಕ್ಕೆ 8, ವಾರಕ್ಕೆ 48 ಗಂಟೆಗಳ ದುಡಿಮೆಯ ಸಾಮಾನ್ಯ ಮಿತಿಯನ್ನು ಹಾಕಿತ್ತಾದರೂ, ಅದು ಅನ್ವಯಿಸುತ್ತಿದ್ದುದು ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ. ಒಂದೆರಡು ಲಾರಿಯ ಮಾಲೀಕರ ಬಳಿ ದುಡಿಯುವವರು ಅದರ ಹೊರಗೇ ಉಳಿದರು. ಸೌಕರ್ಯಗಳು ಮಾತ್ರ ಈಚೆಗೆ ಬರತೊಡಗಿವೆ. 2025ರಲ್ಲಿ ಜಾರಿಗೆ ಬಂದ ನಿಯಮದಂತೆ ಹೊಸದಾಗಿ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಸರ್ಕಾರಿ ತೈಲ ಕಂಪನಿಗಳು ಹೆದ್ದಾರಿಯ ಬಂಕುಗಳಲ್ಲಿ ‘ಅಪ್ನಾ ಘರ್’ ಹೆಸರಿನ ತಂಗುದಾಣಗಳನ್ನು ತೆರೆದಿದ್ದು, ಅಲ್ಲಿ ಹಾಸಿಗೆ, ಸ್ನಾನದ ವ್ಯವಸ್ಥೆಗಳ ಜೊತೆಗೆ ಸ್ವಂತ ಅಡುಗೆಗೂ ಜಾಗ ಬಿಟ್ಟಿರುವುದು ಚಾಲಕರ ಬದುಕನ್ನು ಬಲ್ಲವರು ಮಾಡಿದ ಏರ್ಪಾಡಿನಂತೆ ತೋರುತ್ತದೆ. ಆದರೆ ಟ್ಯಾಂಕಿನ ಡೀಸೆಲ್, ಸ್ಟೆಪ್ನಿ ಚಕ್ರ, ಟಾರ್ಪಾಲಿನಡಿಯ ಸರಕು ಇವು ಮೂರಕ್ಕೂ ಕಾವಲು ಬೇಕು, ಕ್ಲೀನರ್ ಜೊತೆಗಿಲ್ಲ. ಹೀಗಾಗಿ ಒಂಟಿ ಚಾಲಕ ಅಲ್ಲಿ ಸ್ನಾನ ಮುಗಿಸಿ, ಅನ್ನ ಬೇಯಿಸಿಕೊಂಡು ಉಂಡರೂ, ಮಲಗುವ ಹೊತ್ತಿಗೆ ಕ್ಯಾಬಿನ್ನಿಗೇ ಹಿಂದಿರುಗುತ್ತಾನೆ.