ಕೀಲಿ ಬೇಡದ ಚಿಲಕ

ಜಮಖಂಡಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ‘ಚಿಲಕ ಕೊಡ್ರಿ’ ಅಂದರೆ ಸಾಮಾನ್ಯವಾಗಿ ಎದುರಿಗೆ ಬರುವ ಪ್ರಶ್ನೆ ‘ಟಾವರ್ ಬೋಲ್ಟೋ, ಆಲ್‌ಡ್ರಾಪೋ?’ ಎಂಬುದು. ‘ಸ್ಪ್ರಿಂಗಿಂದು’ ಅಂದಾಗ ಮಾತ್ರ ಕೆಳಗಿನ ಕಪಾಟಿನಿಂದ ಒಂದು ಸಣ್ಣ ರಟ್ಟಿನ ಡಬ್ಬಿ ಮೇಲೆ ಬರುತ್ತದೆ. ಒಳಗಿರುವುದು ಬೆರಳುದ್ದದ ಕೊಳವೆ, ಕೊಳವೆಯಲ್ಲೊಂದು ಸರಳು, ಸರಳಿನ ಸುತ್ತ ಸುರುಳಿ ಸ್ಪ್ರಿಂಗ್, ಹಿಡಿದು ಎಳೆಯಲೊಂದು ಗುಂಡಿ. ಅಷ್ಟೇ. ಕೀಲಿಯಿಲ್ಲ, ಕಳೆದುಕೊಳ್ಳಲು ಕೀಲಿಕೈಯೂ ಇಲ್ಲ. ಗುಂಡಿ ಎಳೆದರೆ ಸರಳು ಹಿಂದಕ್ಕೆ ಸರಿಯುತ್ತದೆ. ಕೈ ಬಿಟ್ಟರೆ ಟಕ್ಕನೆ ಮುಂದಕ್ಕೆ ಚಿಮ್ಮಿ ಚೌಕಟ್ಟಿನ ತೂತಿನಲ್ಲಿ ಕೂಡುತ್ತದೆ.

ಬಚ್ಚಲಿನ ಕದಕ್ಕೆ, ಕಿಟಕಿಗೆ, ಅಂಗಳದ ಗ್ರಿಲ್ ಗೇಟಿಗೆ, ಆಡಿನ ದೊಡ್ಡಿಗೆ, ಮಗ್ಗದ ಶೆಡ್ಡಿನ ಹಿಂಬಾಗಿಲಿಗೆ ಇದನ್ನು ಒಯ್ಯುತ್ತಾರೆ. ತಲಬಾಗಿಲಿಗೆ ಮಾತ್ರ ಬೇಡ. ‘ಇದರ ಮ್ಯಾಲೆ ಹ್ಯಾಂಗ ಭರೋಸಾ ಇಡೂದ್ರಿ?’ ಅನ್ನುವವರೇ ಹೆಚ್ಚು. ಅವರ ಅನುಮಾನ ಸರಿಯಾದದ್ದೇ, ಆದರೆ ಕಾರಣ ಬೇರೆ. ಕೀಲಿ ಹಾಕುವುದು ಮನೆಯಲ್ಲಿ ಯಾರೂ ಇಲ್ಲದಾಗ. ಚಿಲಕ ಹಾಕುವುದು ಒಳಗೆ ಯಾರೋ ಇದ್ದಾಗ. ಕೀಲಿ ಆಸ್ತಿಯನ್ನು ಕಾಯುತ್ತದೆ, ಚಿಲಕ ಮನುಷ್ಯರನ್ನು. ಇವೆರಡನ್ನೂ ಒಂದೇ ಸಾಮಾನು ಅಂದುಕೊಂಡು ಕೊಳ್ಳುವುದರಿಂದಲೇ ನಮ್ಮ ಮನೆಗಳಲ್ಲಿ ಅರ್ಧ ತೊಂದರೆ.

ಹಳೆಯ ಕಾಲದವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. 1811ರಿಂದ 1948ರವರೆಗೆ ಪಟವರ್ಧನರ ಸಂಸ್ಥಾನವಾಗಿದ್ದ ಊರು ಜಮಖಂಡಿ. ಪಕ್ಕದ ಮುಧೋಳ ಘೋರ್ಪಡೆಯವರದು. ಈ ಸೀಮೆಯ ವಾಡೆಗಳ ಹೆಬ್ಬಾಗಿಲಿಗೆ ಒಳಗಿನಿಂದ ಬೀಳುತ್ತಿದ್ದುದು ಮರದ ಅಗಳಿ. ಮಣ್ಣು-ಕಲ್ಲಿನ ಗೋಡೆ ಎರಡು-ಮೂರು ಅಡಿ ದಪ್ಪ. ಆ ದಪ್ಪದೊಳಗೆ ಉದ್ದಕ್ಕೂ ಒಂದು ಪೊಳ್ಳು ಬಿಟ್ಟು, ಹಗಲೆಲ್ಲ ಅಗಳಿಯನ್ನು ಅದರಲ್ಲೇ ಸರಿಸಿಡುತ್ತಿದ್ದರು. ಕತ್ತಲಾದ ಮೇಲೆ ಹೊರಗೆಳೆದು, ಎರಡೂ ಕದಗಳ ಹಿಂದೆ ಹಾಯಿಸಿ, ಎದುರು ಗೋಡೆಯ ಕುಣಿಗೆ ಸೇರಿಸಿದರೆ ಮುಗಿಯಿತು. ಹೊರಗಿನಿಂದ ನೂಕುವವನ ಬಲವನ್ನೆಲ್ಲ ಗೋಡೆಯೇ ತಡೆಯುತ್ತಿತ್ತು. ಕದಕ್ಕೆ ಹೊಡೆದ ಮೊಳೆಯ ಮೇಲೆ ಭಾರ ಬೀಳುತ್ತಿರಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಬಂದವರಿಗೆ ಹೆಬ್ಬಾಗಿಲು ತೆಗೆಯುವ ಗೋಜಿಲ್ಲ, ಅದರಲ್ಲೇ ಕೊರೆದ ದಿಡ್ಡಿ ಬಾಗಿಲಿತ್ತು. ಬಗ್ಗಿಯೇ ಒಳಗೆ ಬರಬೇಕು.

ಆ ಅಗಳಿ ಹಾಳಾಗಿ ಹೋಗಲಿಲ್ಲ, ಅದಕ್ಕೆ ಜಾಗ ಹೋಯಿತು. ಆಲಮಟ್ಟಿಯ ಹಿನ್ನೀರು ಬಂದಾಗ ಬೀಳಗಿ ಕಡೆಯ ಮುಳುಗಡೆ ಊರುಗಳ ಜನ ತೊಲೆ, ಕಂಬ, ಚೌಕಟ್ಟು, ಕದ ಎಲ್ಲವನ್ನೂ ಬಿಚ್ಚಿಕೊಂಡು ಪುನರ್ವಸತಿ ಕೇಂದ್ರಗಳಿಗೆ ಬಂದರು. ಸಾಗವಾನಿ ಕದ ಹೊಸ ಮನೆಗೂ ಹೊಂದಿತು. ಗೋಡೆ ಮಾತ್ರ ಒಂಬತ್ತು ಇಂಚಿನದು. ಒಂಬತ್ತು ಇಂಚಿನ ಇಟ್ಟಂಗಿ ಗೋಡೆಯಲ್ಲಿ ನಾಲ್ಕಡಿ ಅಗಳಿಯನ್ನು ಎಲ್ಲಿ ಸರಿಸಿಡುವುದು? ಮುಳುಗಡೆಯಾಗದ ಊರುಗಳಲ್ಲೂ ಸಿಮೆಂಟು ಬಂದಂತೆ ಇದೇ ಕತೆ. ಗೋಡೆ ತೆಳುವಾದಂತೆ ಬಾಗಿಲಿನ ಭದ್ರತೆ ಗೋಡೆಯನ್ನು ಬಿಟ್ಟು ಕದಕ್ಕೆ ಅಂಟಿಕೊಂಡಿತು. ಕಂಬಾರ ಬಡಿದುಕೊಟ್ಟ ಕೊಂಡಿ-ಚಿಲಕ, ಆಮೇಲೆ ಅಂಗಡಿಯ ಟಾವರ್ ಬೋಲ್ಟು, ಈಗ ಸ್ಪ್ರಿಂಗು. ಗೋಡೆ ಹೊರುತ್ತಿದ್ದ ಭಾರವನ್ನು ಈಗ ಅರ್ಧ ಇಂಚಿನ ನಾಲ್ಕು ಸ್ಕ್ರೂ ಹೊರಬೇಕು.

ಬಾಗಿಲಿನ ಸಾಮಾನಿನೊಳಗೆ ಸ್ಪ್ರಿಂಗ್ ಹೊಕ್ಕಿದ್ದು ಹೇಗೆ ಎನ್ನುವುದು ಬೇರೆಯೇ ರಸವತ್ತಾದ ಕತೆ. ಪುರಾತನ ಈಜಿಪ್ಟಿನ ಮರದ ಬೀಗಗಳಲ್ಲಿ ಸ್ಪ್ರಿಂಗ್ ಇರಲಿಲ್ಲ. ಮರದ ಗೂಟಗಳು ತಮ್ಮ ತೂಕಕ್ಕೆ ತಾವೇ ಜಾರಿ ಅಗಳಿಯ ತೂತಿನಲ್ಲಿ ಬೀಳುತ್ತಿದ್ದವು. ಹಾಗಾಗಿ ಬೀಗವನ್ನು ತಲೆಕೆಳಗು ಕೂಡಿಸುವಂತಿರಲಿಲ್ಲ. ಭೂಮಿಯ ಸೆಳೆತ ಮಾಡುತ್ತಿದ್ದ ಕೆಲಸವನ್ನು ಸ್ಪ್ರಿಂಗಿಗೆ ವಹಿಸಿದ ಮೇಲೆ ಬೀಗ ಚಿಕ್ಕದಾಯಿತು, ಅಡ್ಡ ಹಿಡಿದರೂ ಕೆಲಸ ಮಾಡಿತು. 1860ರ ದಶಕದಲ್ಲಿ ಅಮೆರಿಕದ ಲೈನಸ್ ಯೇಲ್ ರೂಪಿಸಿದ ಬೀಗದಲ್ಲಿ ಪ್ರತಿ ಗೂಟದ ತಲೆಯ ಮೇಲೂ ಒಂದೊಂದು ಪುಟ್ಟ ಸ್ಪ್ರಿಂಗು. ಇವತ್ತು ನಿಮ್ಮ ಜೇಬಿನಲ್ಲಿರುವ ಹಲ್ಲು ಹಲ್ಲಿನ ಚಪ್ಪಟೆ ಕೀಲಿಕೈ ಆ ವಂಶದ್ದೇ.

ನಮ್ಮ ದೇಶದಲ್ಲಿ ಮಾತ್ರ ಒಬ್ಬರು ಇದಕ್ಕೆ ತದ್ವಿರುದ್ಧ ದಾರಿ ಹಿಡಿದರು. 1897ರಲ್ಲಿ ಮುಂಬಯಿಯ ಲಾಲ್‌ಬಾಗಿನ ಸಣ್ಣ ಶೆಡ್ಡಿನಲ್ಲಿ ಬೀಗ ತಯಾರಿಸಲು ಶುರುಮಾಡಿದ ಅರ್ದೇಶಿರ್ ಗೋದ್ರೆಜ್ ಮುಂದೆ ಸ್ಪ್ರಿಂಗೇ ಇಲ್ಲದ ಬೀಗವನ್ನು ಮಾರುಕಟ್ಟೆಗೆ ತಂದರು. ಬೀಗದಲ್ಲಿ ಮೊದಲು ಸೋಲುವುದು ಸ್ಪ್ರಿಂಗೇ. ಅದು ತುಂಡಾದರೆ ಕೀಲಿಕೈ ಇದ್ದೂ ಬಾಗಿಲು ತೆರೆಯದು ಎನ್ನುವುದು ಅವರ ಲೆಕ್ಕ. ಆ ಲೆಕ್ಕ ಬೀಗಕ್ಕೆ ಸರಿ. ಚಿಲಕಕ್ಕೆ ಅಲ್ಲ. ಚಿಲಕದ ಸ್ಪ್ರಿಂಗ್ ತುಂಡಾದರೂ ಸರಳನ್ನು ಬೆರಳಿನಿಂದ ಸರಿಸಬಹುದು. ಅದು ಬರೀ ಟಾವರ್ ಬೋಲ್ಟ್ ಆಗಿ ಉಳಿಯುತ್ತದೆ, ಯಾರನ್ನೂ ಒಳಗೆ ಸಿಕ್ಕಿಸುವುದಿಲ್ಲ. ಕೀಲಿ ಇಲ್ಲದ್ದರ ಸುಖ ಇದು.

ಮಗ್ಗದ ಊರು ರಬಕವಿ-ಬನಹಟ್ಟಿಯವರಿಗೆ ಸ್ಪ್ರಿಂಗಿನ ಕೆಲಸವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಪವರ್‌ಲೂಮಿನ ಲಾಳಿ ಒಂದು ಬದಿಯಿಂದ ಇನ್ನೊಂದು ಬದಿಗೆ ಹಾರಿ ಪೆಟ್ಟಿಗೆಗೆ ಹೊಡೆಯುವಾಗ, ಅದು ಪುಟಿದು ವಾಪಸು ಬರದಂತೆ ಹಿಡಿಯುವುದು ಪಕ್ಕದಿಂದ ಒತ್ತುವ, ಸ್ಪ್ರಿಂಗಿನ ಬಲವಿರುವ ಒಂದು ಪಟ್ಟಿ. ಮುಂದಿನ ಏಟು ಬಿದ್ದಾಗ ಅದೇ ಪಟ್ಟಿ ಸಡಿಲಬಿಟ್ಟು ಲಾಳಿಯನ್ನು ಕಳಿಸಿಕೊಡುತ್ತದೆ. ಒತ್ತು ಹೆಚ್ಚಾದರೆ ಲಾಳಿ ನಡುದಾರಿಯಲ್ಲಿ ನಿಲ್ಲುತ್ತದೆ, ಕಡಿಮೆಯಾದರೆ ಪುಟಿಯುತ್ತದೆ. ಸೀರೆಯ ಎಳೆ ಉಳಿಯಬೇಕಾದರೆ ಸ್ಪ್ರಿಂಗಿನ ಬಿಗಿ ಹದವಾಗಿರಬೇಕು. ಚಿಲಕಕ್ಕೂ ಇದೇ ಹದ. ಸ್ಪ್ರಿಂಗನ್ನು ಎಷ್ಟು ಒತ್ತುತ್ತೇವೋ ಅಷ್ಟಕ್ಕೆ ತಕ್ಕಂತೆ ಅದು ತಿರುಗಿ ಒತ್ತುತ್ತದೆ ಎಂದು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲೇ ಬರೆದಿಟ್ಟಿದ್ದಾನೆ. ತೀರಾ ಬಿಗಿಯಾದದ್ದನ್ನು ತಂದು ಕೂಡಿಸಿದರೆ ಮಂಡಿನೋವಿನ ಜತೆಗೆ ಬೆರಳುನೋವೂ ಇರುವ ಅಜ್ಜಿಗೆ ಬಚ್ಚಲಿನಿಂದ ಹೊರಬರುವುದೇ ಕಷ್ಟ. ತೀರಾ ಸಡಿಲವಾದದ್ದು ಗಾಳಿ ಬೀಸಿದಾಗೊಮ್ಮೆ ಬಿಟ್ಟುಕೊಳ್ಳುತ್ತದೆ.

ಅಂಗಡಿಯಲ್ಲಿ ನೋಡಬೇಕಾದ ಮುಖ್ಯ ಜಾಗ ಸರಳಿನ ತುದಿ. ತುದಿ ಓರೆಯಾಗಿ ಕಡಿದಂತಿದ್ದರೆ ಕದ ಮುಂದೆ ಮಾಡಿದ ಕೂಡಲೇ ಅದು ಚೌಕಟ್ಟಿನ ಪಟ್ಟಿಗೆ ಉಜ್ಜಿ ತಾನೇ ಒಳಸರಿದು, ತೂತು ಸಿಕ್ಕೊಡನೆ ಚಿಮ್ಮಿ ಬೀಳುತ್ತದೆ. ಕೈತುಂಬ ನೀರಿನ ಕೊಡ ಹಿಡಿದು ಬರುವವರು ಮೊಣಕೈಯಿಂದ ಕದ ನೂಕಿದರೂ ಸಾಕು. ಆದರೆ ಓರೆ ತುದಿಯನ್ನು ಸಂದಿಯಿಂದ ತೆಳ್ಳನೆಯ ಹಾಳೆ ತೂರಿಸಿಯೂ ಹಿಂದೆ ಸರಿಸಬಹುದು. ಆದ್ದರಿಂದ ಬೀದಿಗೆ ತೆರೆಯುವ ಬಾಗಿಲಿಗೆ ಇದೊಂದನ್ನೇ ನಂಬುವಂತಿಲ್ಲ. ತುದಿ ನೇರವಾಗಿ ಚೌಕವಾಗಿದ್ದರೆ ಹಾಗೆ ಮೋಸವಾಗದು, ಆದರೆ ಕದ ಹಾಕುವಾಗ ಗುಂಡಿಯನ್ನು ಕೈಯಿಂದಲೇ ಎಳೆದು ಹಿಡಿಯಬೇಕು. ಅನುಕೂಲ ಬೇಕೋ ಬಿಗಿ ಬೇಕೋ, ಆಯ್ಕೆ ನಿಮ್ಮದು. ಎರಡನ್ನೂ ಕೊಡುತ್ತೇವೆ ಅನ್ನುವ ಜಾಹೀರಾತನ್ನು ನಾನಂತೂ ನಂಬುವುದಿಲ್ಲ.

ಕೂಡಿಸುವ ಕೈಯೂ ಮುಖ್ಯ. ಬಡಿಗ್ಯಾರರಲ್ಲಿ ಕೆಲವರಿಗೆ ಸ್ಕ್ರೂವನ್ನು ತಿರುಗಿಸಿ ಕೂಡಿಸುವ ತಾಳ್ಮೆಯಿಲ್ಲ. ಸುತ್ತಿಗೆಯಿಂದ ಮೂರು ಏಟು ಹಾಕಿ, ಕೊನೆಯ ಒಂದು ಸುತ್ತು ಮಾತ್ರ ತಿರುಗಿಸಿ ಎದ್ದುಬಿಡುತ್ತಾರೆ. ಹಾಗೆ ಬಡಿದ ಸ್ಕ್ರೂ ಕಟ್ಟಿಗೆಯ ನಾರನ್ನು ಹರಿದುಕೊಂಡು ಒಳಹೋಗಿರುತ್ತದೆ. ಹಿತ್ತಾಳೆಯ ಚಿಲಕ ಎಷ್ಟೇ ದಪ್ಪವಿದ್ದರೂ ಒಂದು ಒದೆತಕ್ಕೆ ಪಟ್ಟಿಸಮೇತ ಕಿತ್ತುಬರುವುದು ಇದೇ ಕಾರಣಕ್ಕೆ. ಮೊದಲು ಸಣ್ಣ ತೂತು ಕೊರೆದು, ಇಂಚಿಗಿಂತ ಉದ್ದನೆಯ ಸ್ಕ್ರೂ ತಿರುಗಿಸಿ ಕೂಡಿಸಲು ಹೇಳಿ. ಬೇಸರಪಟ್ಟುಕೊಂಡರೂ ಚಹಾ ಕುಡಿಸಿ ಮಾಡಿಸಿ.

ನಮ್ಮ ಹವೆಯೂ ಚಿಲಕಕ್ಕೆ ಸಲೀಸಲ್ಲ. ಬೇಸಿಗೆಯಲ್ಲಿ ಎರಿಭೂಮಿಯ ಧೂಳು, ಮಳೆಗಾಲದಲ್ಲಿ ಉಬ್ಬುವ ಕಟ್ಟಿಗೆ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿದಾಗ ಮುತ್ತೂರು, ಶೂರ್ಪಾಲಿಯಂಥ ಹೊಳೆದಂಡೆಯ ಊರುಗಳಿಗೆ ನೀರು ಹೊಕ್ಕಿತು. ನೀರಲ್ಲಿ ನಿಂತ ಕದ ಉಬ್ಬಿ ಸೊಟ್ಟಗಾದರೆ ಸರಳು ಒಂದು ಕಡೆ, ತೂತು ಇನ್ನೊಂದು ಕಡೆ. ಪ್ರವಾಹವೇ ಬರಬೇಕೆಂದಿಲ್ಲ, ಬೇವಿನ ಹಸಿ ಹಲಗೆಯ ಕದವಾದರೆ ಒಂದು ಜಡಿಮಳೆಗೇ ಹೀಗಾಗುತ್ತದೆ. ಆಗ ಜನ ಚಿಲಕವನ್ನು ಬೈಯುತ್ತಾರೆ. ಅರದಿಂದ ಚೌಕಟ್ಟಿನ ತೂತನ್ನು ಒಂದಿಷ್ಟು ಅಗಲ ಮಾಡಿದರೆ ಕೆಲಸ ಮುಗಿಯುತ್ತದೆ. ಇನ್ನು ಎಣ್ಣೆ: ಅಡಿಗೆಮನೆಯ ಶೇಂಗಾ ಎಣ್ಣೆಯನ್ನು ಚಿಲಕಕ್ಕೆ ಬಿಡುವ ಚಾಳಿ ಬಿಡಬೇಕು. ಅದು ಧೂಳು ಹಿಡಿದು ಅಂಟಾಗಿ ಸ್ಪ್ರಿಂಗಿನ ಸುರುಳಿಗಳ ನಡುವೆ ಗಟ್ಟಿಯಾಗುತ್ತದೆ. ಪೆನ್ಸಿಲ್ ಮೊನೆಯನ್ನು ಕೆರೆದು ಆ ಕರಿ ಪುಡಿಯನ್ನು ಸರಳಿಗೆ ಸವರಿ, ನಾಲ್ಕು ಸಲ ಹಿಂದೆ ಮುಂದೆ ಎಳೆಯಿರಿ. ಸ್ಪ್ರಿಂಗೇ ಬಳಲಿ ಗಿಡ್ಡವಾಗಿದ್ದರೆ ಮಗ್ಗದ ಬಿಡಿಭಾಗ ಮಾರುವಲ್ಲಿ ಅಳತೆ ತೋರಿಸಿ ಕೇಳಿ. ಇಡೀ ಚಿಲಕ ಬದಲಿಸಬೇಕಾಗಿಲ್ಲ.

ಬಾಗಿಲಿಗೆ ಭದ್ರತೆಯೇ ಬೇಡ ಎನ್ನುವ ಊರೂ ಇದೆ. ನಮ್ಮ ಕಡೆಯ ಜನ ಶಿರಡಿಗೆ ಹೋದಾಗ ದರ್ಶನ ಮಾಡಿ ಬರುವ ಮಹಾರಾಷ್ಟ್ರದ ಶನಿ ಶಿಂಗಣಾಪುರದಲ್ಲಿ ಮನೆಗಳಿಗೆ ಕದ ಇಡುವ ರೂಢಿಯಿಲ್ಲ. 2011ರಲ್ಲಿ ಯೂಕೋ ಬ್ಯಾಂಕ್ ಅಲ್ಲಿ ಬೀಗವಿಲ್ಲದ ಶಾಖೆ ತೆರೆದದ್ದು ದೇಶದಲ್ಲೆಲ್ಲ ಸುದ್ದಿಯಾಯಿತು. ಅಲ್ಲೂ ಗಾಜಿನ ಕದವೊಂದನ್ನು ಇಡದೆ ಬ್ಯಾಂಕಿಗೆ ನಿಭಾಯಿಸಲಾಗಲಿಲ್ಲ. ದೇವರ ಭಯ ಕಳ್ಳನನ್ನು ತಡೆದೀತು, ನಾಯಿ-ಹಂದಿಯನ್ನು ತಡೆಯಬೇಕಲ್ಲ!

ನಿಜವಾದ ಚಿಂತೆ ಇರುವುದು ಬೇರೆ ಕಡೆ. ಮಕ್ಕಳೆಲ್ಲ ಪುಣೆ, ಬೆಂಗಳೂರು ಸೇರಿ, ಮುದುಕ-ಮುದುಕಿ ಅಥವಾ ಒಬ್ಬರೇ ಉಳಿದಿರುವ ಮನೆಗಳು ಈಗ ಪ್ರತಿ ಓಣಿಯಲ್ಲೂ ಇವೆ. ಕತ್ತಲಾದರೆ ಅವರು ಮೇಲೊಂದು, ನಡುವೆ ಒಂದು, ಕೆಳಗೊಂದು ಟಾವರ್ ಬೋಲ್ಟ್ ಹಾಕಿ ಮಲಗುತ್ತಾರೆ. ರಾತ್ರಿ ಕಾಲುಜಾರಿ ಬಿದ್ದರೆ ಮಗ್ಗುಲ ಮನೆಯವರು ಕೂಗು ಕೇಳಿ ಬಂದರೂ ಕದ ಮುರಿಯದೆ ಒಳಗೆ ಹೋಗಲಾರರು. ಕಳ್ಳ ಬರಬಹುದೆಂಬ ಭಯಕ್ಕೆ ಹಾಕಿದ ಮೂರು ಚಿಲಕ, ಡಾಕ್ಟರನ್ನೂ ಹೊರಗೆ ನಿಲ್ಲಿಸುತ್ತವೆ. ಇಂಥ ಮನೆಯ ಒಳಕೋಣೆಗೆ, ಬಚ್ಚಲಿಗೆ ಬೇಕಾದದ್ದು ಹೊರಬದಿಯಲ್ಲಿ ಸಣ್ಣ ಸೀಳಿರುವ ಚಿಲಕ. ಆ ಸೀಳಿಗೆ ಒಂದು ರೂಪಾಯಿ ನಾಣ್ಯ ಇಟ್ಟು ತಿರುಗಿಸಿದರೆ ಸರಳು ಹಿಂದೆ ಸರಿಯುತ್ತದೆ. ಒಳಗಿನಿಂದ ಚಿಲಕ ಸರಿಸಿಕೊಂಡು ಅಳುವ ಎರಡು ವರ್ಷದ ಕೂಸಿಗೂ ಇದೇ ಮದ್ದು. ತಲಬಾಗಿಲಿಗೆ ಮೂರರ ಬದಲು, ಹೊರಗಿನಿಂದ ಕೀಲಿಕೈಯಲ್ಲೂ ತೆರೆಯುವ ನೈಟ್ ಲ್ಯಾಚ್ ಒಂದನ್ನು ಕೂಡಿಸಿ, ಇನ್ನೊಂದು ಕೀಲಿಕೈಯನ್ನು ನಂಬಿಗಸ್ಥ ನೆರೆಯವರಲ್ಲಿ ಇಡುವುದು ವಾಸಿ.

ಹೊರಬರಲಾಗದ ಬಾಗಿಲು ಎಷ್ಟು ಕೆಟ್ಟದ್ದೆಂಬುದಕ್ಕೆ ಇಂಗ್ಲೆಂಡಿನ ಸಂಡರ್‌ಲೆಂಡ್ ಊರಿನ ವಿಕ್ಟೋರಿಯಾ ಹಾಲ್ ಸಾಕ್ಷಿ. 1883ರ ಜೂನ್ 16ರಂದು ಅಲ್ಲಿ ಮಕ್ಕಳ ಕಾರ್ಯಕ್ರಮದ ಕೊನೆಗೆ ಆಟಿಕೆ ಹಂಚುತ್ತಾರೆಂದು ಮೇಲಂತಸ್ತಿನ ಮಕ್ಕಳು ಮೆಟ್ಟಿಲಿಳಿದು ಓಡಿದರು. ಕೆಳಗಿನ ಬಾಗಿಲನ್ನು ಒಂದು ಮಗುವಷ್ಟೇ ತೂರುವಷ್ಟು ಸಂದಿ ಬಿಟ್ಟು ಚಿಲಕ ಹಾಕಿ ನಿಲ್ಲಿಸಲಾಗಿತ್ತು. ಹಿಂದಿನವರು ಮುಂದಿನವರ ಮೇಲೆ ಬಿದ್ದು 183 ಮಕ್ಕಳು ಸತ್ತರು. ಇದಾದ ಮೇಲೆ ರಾಬರ್ಟ್ ಬ್ರಿಗ್ಸ್ ಎಂಬಾತ 1892ರಲ್ಲಿ ಹೊಸ ಬಗೆಯ ಚಿಲಕಕ್ಕೆ ಪೇಟೆಂಟ್ ಪಡೆದ: ಹೊರಗಿನಿಂದ ಭದ್ರ, ಒಳಗಿನಿಂದ ಮೈಯೊತ್ತಿದರೂ ತೆರೆಯುತ್ತದೆ. ದೊಡ್ಡ ಆಸ್ಪತ್ರೆ, ಮಾಲ್‌ಗಳ ಬಾಗಿಲಿಗೆ ಅಡ್ಡಲಾಗಿ ಇರುವ ಉದ್ದನೆಯ ಹಿಡಿಕೆ ಅದರ ಸಂತಾನ. ಅದಕ್ಕೂ ಕೀಲಿ ಬೇಡ.

ನಮ್ಮ ಕಲ್ಯಾಣಮಂಟಪ, ಟ್ಯೂಷನ್ ಹಾಲ್, ಮಗ್ಗದ ಶೆಡ್ಡುಗಳನ್ನು ನಡೆಸುವವರಲ್ಲಿ ಒಂದು ವಿನಂತಿ. ಜನ ಒಳಗಿರುವಾಗ ಹಿಂಬಾಗಿಲಿಗೆ ಹೊರಗಿನಿಂದ ಕೀಲಿ ಜಡಿಯಬೇಡಿ. ಒಳಗಿನಿಂದ ಒಂದೇ ಕೈಯಲ್ಲಿ ತೆರೆಯುವ ಚಿಲಕ ಕೂಡಿಸಿ, ಕದ ಹೊರಮುಖವಾಗಿ ತೆರೆಯುವಂತೆ ಬಿಜಾಗರಿ ಹಾಕಿಸಿ. ಮನೆ ಕಟ್ಟಿಸುತ್ತಿರುವವರು ಚೌಕಟ್ಟು ನಿಲ್ಲಿಸುವ ಮೊದಲೇ ಬಡಿಗ್ಯಾರರಿಗೆ ಈ ಮಾತು ಹೇಳಿಡಿ. ಗಿಲಾವು ಆದ ಮೇಲೆ ಹೇಳಿದರೆ ಖರ್ಚು ಇಮ್ಮಡಿ.