ಒಂದರಿಂದ ಮೂರು ವರ್ಷದ ಮಗುವಿನ ದಿನಚರಿ: ಪೋಷಕರಿಗೆ ಮಾಹಿತಿ

ಎಳೆಯ ಮಗುವಿಗೆ ಗಡಿಯಾರ ತಿಳಿಯದು, ಕ್ರಮ ತಿಳಿಯುತ್ತದೆ. ಸ್ನಾನದ ನಂತರ ಊಟ, ಊಟದ ನಂತರ ನಿದ್ರೆ ಎಂಬುದು ಪ್ರತಿದಿನವೂ ಹಾಗೆಯೇ ನಡೆದಾಗ, ಮುಂದೇನೆಂಬುದನ್ನು ಮಗು ತಾನೇ ಅರಿಯುತ್ತದೆ. ಇದರಿಂದ ಹಠ ಮತ್ತು ಅಳು ಕಡಿಮೆಯಾಗುತ್ತವೆ. ಹಸಿವು, ನಿದ್ರೆ ಕ್ರಮಬದ್ಧವಾಗುತ್ತವೆ.

ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು ಭಾಗದಲ್ಲಿ ಅಡಿಕೆ ಪ್ರಮುಖ ಬೆಳೆಯಾಗಿದೆ. ಕೊಯ್ಲಿನ ಹಂಗಾಮಿನಲ್ಲಿ ಅಡಿಕೆ ಸುಲಿಯುವ, ಬೇಯಿಸುವ ಕೆಲಸವು ರಾತ್ರಿಯವರೆಗೂ ಮುಂದುವರಿಯುವುದುಂಟು. ಇಂತಹ ದಿನಗಳಲ್ಲಿ ಮಗು ಬಿಸ್ಕತ್ತು, ಮಂಡಕ್ಕಿಯಲ್ಲಿ ಹೊಟ್ಟೆ ತುಂಬಿಸಿಕೊಂಡು, ದೊಡ್ಡವರೊಡನೆ ತಡವಾಗಿ ಮಲಗುತ್ತದೆ. ಹೀಗೆ ವಾರಗಟ್ಟಲೆ ನಡೆದಲ್ಲಿ ಮಗುವಿನ ತೂಕ ಏರದೆ ನಿಲ್ಲುವ ಸಂಭವವಿರುತ್ತದೆ. ಆದ್ದರಿಂದ ವೇಳೆ ಹಿಂದುಮುಂದಾದರೂ ಕ್ರಮ ತಪ್ಪದಂತೆ ನೋಡಿಕೊಳ್ಳುವುದು ಅವಶ್ಯಕ.

ಆಹಾರ: ಮಗುವಿನ ಹೊಟ್ಟೆ ಚಿಕ್ಕದು. ದಿನಕ್ಕೆ ಮೂರು ಅಥವಾ ನಾಲ್ಕು ಬಾರಿ ಊಟ ಹಾಗೂ ನಡುವೆ ಒಂದೆರಡು ಬಾರಿ ಹಣ್ಣಿನಂತಹ ಲಘು ಆಹಾರ ನೀಡಬೇಕು. ರಾಗಿ ಗಂಜಿ, ಬೇಳೆ ಸಾರಿನಲ್ಲಿ ಮೆತ್ತಗೆ ಕಲಸಿದ ಅನ್ನ, ಸೊಪ್ಪು, ಮೊಟ್ಟೆ, ಬಾಳೆಹಣ್ಣು ಉತ್ತಮ. ಎರಡು ವರ್ಷ ತುಂಬುವವರೆಗೆ ಮತ್ತು ಆನಂತರವೂ ಎದೆಹಾಲು ಮುಂದುವರಿಸಬಹುದು. ಚಹಾ, ಕಾಫಿ ಕೊಡಬಾರದು.

ನಿದ್ರೆ: ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ, ಒಂದರಿಂದ ಎರಡು ವರ್ಷದ ಮಕ್ಕಳಿಗೆ ಹಗಲು ನಿದ್ರೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆಗಳ ನಿದ್ರೆ ಅಗತ್ಯ. ರಾತ್ರಿ ಸುಮಾರು 8 ಗಂಟೆಗೆ ದೀಪ ತಗ್ಗಿಸಿ, ಲಾಲಿ ಹಾಡಿ ಅಥವಾ ಚಿಕ್ಕ ಕಥೆ ಹೇಳಿ ಮಲಗಿಸಬೇಕು.

ಆಟ: ಇದೇ ಮಾರ್ಗಸೂಚಿಯ ಪ್ರಕಾರ ದಿನಕ್ಕೆ ಕನಿಷ್ಠ 3 ಗಂಟೆಗಳ ಓಡಾಟ ಬೇಕು. ಒಂದು ವರ್ಷದ ಮಗುವಿಗೆ ಮೊಬೈಲ್, ಟಿ.ವಿ. ತೋರಿಸುವುದು ಸೂಕ್ತವಲ್ಲ, ಎರಡು ವರ್ಷದ ಮಗುವಿಗೆ ಒಂದು ಗಂಟೆ ಮೀರಬಾರದು.

ಸುರಕ್ಷತೆ: ಅಡಿಕೆ ಬೇಯಿಸುವ ಒಲೆ, ಕೃಷಿ ಹೊಂಡ ಮತ್ತು ನಾಲೆಗಳ ಬಳಿ ಮಗುವನ್ನು ಬಿಡಬಾರದು. ಅಡಿಕೆ ಚೂರು, ಇಡೀ ಕಡಲೆಕಾಯಿ ಬೀಜ ಗಂಟಲಿನಲ್ಲಿ ಸಿಲುಕಬಹುದಾದ್ದರಿಂದ ಕೈಗೆ ಸಿಗದಂತೆ ಇಡಬೇಕು.

ಹೊಣೆ ಹಂಚಿಕೆ: ದಿನಚರಿಯು ತಾಯಿಯೊಬ್ಬಳ ಹೊಣೆಯಲ್ಲ. ಅಜ್ಜಿ, ತಾತ, ತಂದೆ ಯಾರೇ ಮಗುವನ್ನು ನೋಡಿಕೊಂಡರೂ ಅದೇ ಕ್ರಮವನ್ನು ಪಾಲಿಸಬೇಕು. ಕೆಲಸಕ್ಕೆ ಹೊರಡುವ ತಾಯಿ ಮಗುವಿನ ಕಣ್ಣು ತಪ್ಪಿಸಿ ಹೋಗದೆ, ಹೇಳಿಯೇ ಹೋಗುವುದು ಒಳಿತು. ಮೊದಲ ಕೆಲವು ದಿನ ಮಗು ಅತ್ತರೂ, ತಾಯಿ ಮರಳಿ ಬರುವಳೆಂಬ ನಂಬಿಕೆ ಕ್ರಮೇಣ ಬೆಳೆಯುತ್ತದೆ.

1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಡಿ ಅಂಗನವಾಡಿ ಕೇಂದ್ರಗಳಲ್ಲಿ 6 ತಿಂಗಳಿಂದ 3 ವರ್ಷದ ಮಕ್ಕಳಿಗೆ ಮನೆಗೆ ಒಯ್ಯುವ ಪೂರಕ ಆಹಾರ ನೀಡಲಾಗುತ್ತದೆ. ಪ್ರತಿ ತಿಂಗಳು ಮಗುವಿನ ತೂಕ ಮಾಡಿಸಿ, ತೂಕ ಏರದಿದ್ದಲ್ಲಿ ಅಂಗನವಾಡಿ ಕಾರ್ಯಕರ್ತೆ ಅಥವಾ ಸಮೀಪದ ಸರ್ಕಾರಿ ಆಸ್ಪತ್ರೆಯ ವೈದ್ಯರ ಸಲಹೆ ಪಡೆಯಬೇಕು.