ಪನ್‌ಚಕ್ಕಿ

ಎಲ್ಲೋರಾದ ಕೈಲಾಸ ದೇವಾಲಯವನ್ನು ಕಾಣಬೇಕೆಂಬುದು ನಮ್ಮ ತರಗತಿಯವರ ಬಹುದಿನದ ಹಂಬಲವಾಗಿತ್ತು. ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ ಆ ಅದ್ಭುತವನ್ನು ಕಣ್ತುಂಬ ಕಂಡು ಹಿಂದಿರುಗುವಾಗ ಔರಂಗಾಬಾದಿನಲ್ಲಿ ಎರಡು ತಾಸಿನ ಬಿಡುವು ದೊರೆಯಿತು. ಆ ನಗರಕ್ಕೆ 2023ರಿಂದ ಛತ್ರಪತಿ ಸಂಭಾಜಿನಗರವೆಂದು ಹೆಸರು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಅದೂ ನಮ್ಮ ರಾಯಚೂರೂ ಒಂದೇ ಹೈದರಾಬಾದು ರಾಜ್ಯದ ಜಿಲ್ಲೆಗಳಾಗಿದ್ದವು. ಆ ಎರಡು ತಾಸಿನಲ್ಲಿ ನಾವು ನೋಡಿದ್ದು ಪನ್‌ಚಕ್ಕಿಯನ್ನು.

ಹೆಸರು ಕೇಳಿ ನಮ್ಮಲ್ಲಿ ಕೆಲವರು ಐದು ಬೀಸುಕಲ್ಲುಗಳಿರಬೇಕೆಂದು ಎಣಿಸಿದ್ದರು. ಅದು ಪಂಚವಲ್ಲ, ‘ಪಾನಿ’. ನೀರಿನಿಂದ ತಿರುಗುವ ಚಕ್ಕಿ. ಖಾಮ್ ನದಿಯ ದಂಡೆಯಲ್ಲಿ, ಸೂಫಿ ಸಂತರಾದ ಬಾಬಾ ಶಾಹ ಮುಸಾಫಿರರ ದರ್ಗಾದ ಆವರಣದಲ್ಲಿ ಇದೆ. ಮಧ್ಯ ಏಷ್ಯದ ಬುಖಾರಾ ಸೀಮೆಯಿಂದ ಬಂದ ಈ ಸಂತರು ಔರಂಗಜೇಬನ ಕಾಲದಲ್ಲಿ ಇಲ್ಲಿ ನೆಲೆಸಿದ್ದರು. ಕಟ್ಟಡಗಳು 17ನೆಯ ಶತಮಾನದ ಕೊನೆಯಿಂದ 18ನೆಯ ಶತಮಾನದ ನಡುವಿನವರೆಗೆ ಹಂತಹಂತವಾಗಿ ಎದ್ದವು.

ಬಾಗಿಲನ್ನು ದಾಟಿದೊಡನೆ ಪೇಟೆಯ ಗದ್ದಲ ಹಿಂದೆ ಉಳಿಯುತ್ತದೆ. ಎದುರಿಗೆ ಸುಮಾರು 164 ಅಡಿ ಉದ್ದ, 31 ಅಡಿ ಅಗಲದ ಕೊಳ; ಮೇಲೆ ಕವಿದ ಮುದಿ ಆಲದ ಮರ. ಎತ್ತರದ ಗೋಡೆಯೊಂದರ ತುದಿಯಿಂದ ನೀರು ಕೊಳಕ್ಕೆ ಬೀಳುತ್ತದೆ. ವಿಚಿತ್ರವೆಂದರೆ ಆ ಕೊಳದ ತಳವೇ ಕೆಳಗಿನ ಕಂಬಗಳ ಸಾಲಿನ ದೊಡ್ಡ ಹಜಾರಕ್ಕೆ ಛಾವಣಿ. ತಲೆಯ ಮೇಲೆ ನೀರು ನಿಂತಿರುವುದರಿಂದ ಹಜಾರ ಬಿಸಿಲಿನಲ್ಲಿಯೂ ತಂಪು. ಮಾತುಗಾರರಾದ ನಮ್ಮ ಗೆಳೆಯರೂ ಅಲ್ಲಿ ಕೆಲಹೊತ್ತು ಸುಮ್ಮನೆ ಕುಳಿತಿದ್ದರು!

ನೀರು ಗೋಡೆಯ ತುದಿಗೆ ಏರಿದ್ದು ಹೇಗೆ? ಊರಿನ ಉತ್ತರಕ್ಕೆ ಕೆಲವು ಮೈಲಿ ದೂರದ ಬೆಟ್ಟದ ಸೆಲೆಯಿಂದ ನೆಲದೊಳಗಿನ ಮಣ್ಣಿನ ಕೊಳವೆಗಳಲ್ಲಿ ಅದನ್ನು ತಂದಿದ್ದಾರೆ. ಮುಚ್ಚಿದ ಕೊಳವೆಯಲ್ಲಿ ಹರಿದ ನೀರು ತನ್ನ ಮೂಲದ ಮಟ್ಟದ ಸಮೀಪದವರೆಗೆ ತಾನಾಗಿಯೇ ಏರಬಲ್ಲದು. ಎತ್ತಬೇಕಿಲ್ಲ, ಸೇದಬೇಕಿಲ್ಲ. ವಿಜಯಪುರದಲ್ಲಿ ಆದಿಲಶಾಹಿಗಳು ಕಟ್ಟಿಸಿದ ‘ಗಂಜ್’ ಎಂಬ ನೀರಿನ ಗೋಪುರಗಳಲ್ಲಿಯೂ ಈ ತತ್ತ್ವವೇ ಕೆಲಸ ಮಾಡುತ್ತಿತ್ತು.

ಚಕ್ಕಿಯ ರಚನೆಯಂತೂ ಬಲು ಸರಳ. ಬೀಳುವ ನೀರಿನ ಒಂದು ಪಾಲು ಕೆಳಗೆ ಅಡ್ಡಲಾಗಿ ಮಲಗಿಸಿದ ಚಕ್ರದ ಅಲಗುಗಳಿಗೆ ಬಡಿಯುತ್ತದೆ. ಚಕ್ರದ ನಡುವೆ ನೆಟ್ಟ ನೇರ ದಂಡ ಕೆಳಗಿನ ಸ್ಥಿರವಾದ ಕಲ್ಲನ್ನು ತೂರಿ ಮೇಲಿನ ಕಲ್ಲಿಗೆ ಹಿಡಿದಿದೆ. ಹಲ್ಲಿನ ಗಾಲಿಗಳ ತೊಡಕಿಲ್ಲ. ಚಕ್ರ ಒಂದು ಸುತ್ತು ಬಂದರೆ ಕಲ್ಲೂ ಒಂದು ಸುತ್ತು. ಹಿಮಾಲಯದ ಹಳ್ಳಿಗಳ ‘ಘರಾಟ’ಗಳೂ ಇದೇ ಜಾತಿಯವು. ಇಲ್ಲಿ ಬೀಸಿದ ಹಿಟ್ಟು ಫಕೀರರಿಗೆ, ಯಾತ್ರಿಕರಿಗೆ, ಸೈನಿಕರಿಗೆ ಸಲ್ಲುತ್ತಿತ್ತು. ಇಂದು ಚಕ್ಕಿ ನೋಡುಗರಿಗಾಗಿ ಮಾತ್ರ ಉಳಿದಿದೆ.

ನನ್ನ ಕಣ್ಣು ಆ ಮೇಲಿನ ಕಲ್ಲಿನಲ್ಲಿಯೇ ನೆಟ್ಟಿತು. ಅದಕ್ಕೆ ಗೂಟವಿರಲಿಲ್ಲ. ನಮ್ಮ ಮನೆಯ ಮೂಲೆಯಲ್ಲಿರುವ ಬೀಸುಕಲ್ಲಿನ ಗೂಟ ಅಜ್ಜಿಯ ಅಂಗೈಯಿಂದಲೇ ಸವೆದು ನುಣುಪಾಗಿದೆ. ಕೋಳಿ ಕೂಗುವ ಮುನ್ನ ಎದ್ದು, ಪದ ಹಾಡುತ್ತ ಜೋಳ ಬೀಸಿ, ಆಮೇಲೆ ಕೂಲಿಗೆ ಹೋಗುತ್ತಿದ್ದಳಂತೆ. ಆರ್.ಎಚ್. ಕ್ಯಾಂಪಿನ ನಮ್ಮ ಬಂಗಾಳಿ ನೆರೆಯ ಮುದುಕಿಯರೂ ಕಾಲಿನಿಂದ ತುಳಿದು ಭತ್ತ ಕುಟ್ಟುವ ‘ಢೆಂಕಿ’ಯ ಮಾತು ಬಂದಾಗ ಮೊಣಕಾಲು ನೀವಿಕೊಳ್ಳುತ್ತಾರೆ. ಬೀಸುವ ಪದಗಳ ಸೊಗಸನ್ನು ಹೊಗಳುವ ನಾವು ಆ ತೋಳಿನ ನೋವನ್ನು ಅಷ್ಟಾಗಿ ನೆನೆಯುವುದಿಲ್ಲ.

ನಮ್ಮ ಕಾಲುವೆಯ ನೀರು ಏಕೆ ಬೀಸಲಿಲ್ಲವೆಂದು ಬಸ್ಸಿನಲ್ಲಿ ಒಬ್ಬ ಗೆಳೆಯ ಕೇಳಿದ. ನೀರಿನ ಶಕ್ತಿ ಅದರ ಪ್ರಮಾಣ, ಬೀಳುವ ಎತ್ತರ ಎರಡನ್ನೂ ಅವಲಂಬಿಸಿದೆ. ಸೆಕೆಂಡಿಗೆ ಒಂದು ಘನಮೀಟರ್ ನೀರು ಒಂದು ಮೀಟರ್ ಕೆಳಕ್ಕೆ ಬಿದ್ದರೆ ಸುಮಾರು 13 ಅಶ್ವಶಕ್ತಿ. ಸಿಂಧನೂರಿನ ಬಯಲಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರಿನ ಪ್ರಮಾಣವುಂಟು, ಬೀಳುವ ಎತ್ತರ ಕಡಮೆ. ಎತ್ತರವಿರುವುದು ಅಣೆಕಟ್ಟಿನ ಬಳಿ. ಅಲ್ಲಿ ಮುನಿರಾಬಾದಿನ ವಿದ್ಯುದಾಗಾರದಲ್ಲಿ ನೀರು ಚಕ್ರವನ್ನು ತಿರುಗಿಸುತ್ತದೆ. ನಮ್ಮ ಹಿಟ್ಟಿನ ಗಿರಣಿಗೆ ಬರುವ ವಿದ್ಯುತ್ತಿನಲ್ಲಿ ನೀರಿನ ಪಾಲೂ ಇದೆಯೆಂದ ಮೇಲೆ, ಅದೂ ಒಂದು ಬಗೆಯ ಪನ್‌ಚಕ್ಕಿಯೇ ಅಲ್ಲವೆ?

ಮನೆಗೆ ಬಂದು ಅಜ್ಜಿಗೆ ಎಲ್ಲವನ್ನೂ ವಿವರಿಸಿದೆ. ಕೈಲಾಸದ ಕಥೆಗೆ ಕೈಮುಗಿದಳು. ಚಕ್ಕಿಯ ಮಾತಿಗೆ ಮಾತ್ರ ಬಗ್ಗಿ ಕುಳಿತು, “ಹಿಟ್ಟು ಸಣ್ಣಗ ಬೀಳ್ತಿತ್ತೇನು?” ಎಂದು ಕೇಳಿದಳು. ಅದನ್ನು ವಿಚಾರಿಸಲು ನನಗೆ ಹೊಳೆದೇ ಇರಲಿಲ್ಲ.